ಬಾಣಂತಿ ಕೋಣೆಗೆ ಒಂದು ಕಿಲೋವ್ಯಾಟ್

ಪಕ್ಕದ ಮನೆಯ ಶ್ಯಾಮರಾಯರು ಮೊನ್ನೆ ಬೆಳಿಗ್ಗೆ ಕೈಯಲ್ಲೊಂದು ಅಳತೆ ಟೇಪು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಈ ವರ್ಷ ತೀರ್ಥಹಳ್ಳಿಯಲ್ಲಿ ಚಳಿ ಸ್ವಲ್ಪ ಜಾಸ್ತಿಯೇ. ರಾಯರು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಮೂಗು ಮಾತ್ರ ಕಾಣುತ್ತಿತ್ತು.

"ಮೇಷ್ಟ್ರೇ, ನಮ್ಮ ರೂಮು ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಎಷ್ಟು ವ್ಯಾಟಿನ ಹೀಟರ್ ತಂದ್ರೆ ಸಾಕು? ನೀವು ಸೈನ್ಸ್ ಮೇಷ್ಟ್ರು, ಬಾಯಲ್ಲೇ ಲೆಕ್ಕ ಹಾಕಿ ಹೇಳ್ಬಿಡಿ."

ಬಾಯಲ್ಲೇ ಹೇಳಬಹುದಿತ್ತು. ಮೂವತ್ತು ವರ್ಷ ಉಷ್ಣದ ಪಾಠ ಮಾಡಿದವನಿಗೆ ಅದು ಕಾಫಿಯ ಎರಡು ಗುಟುಕಿನ ನಡುವೆ ಮುಗಿಯುವ ಕೆಲಸ. ಆದರೆ ನಾನು, "ಅಂಗಡಿಯವರನ್ನೇ ಕೇಳಿ ರಾಯರೇ, ನಂಗೆ ಅದೆಲ್ಲ ಮರ್ತೇ ಹೋಗಿದೆ" ಎಂದೆ. ರಾಯರು ನನ್ನ ಮುಖವನ್ನು ಕನಿಕರದಿಂದ ನೋಡಿದರು. ಪಾಪ, ವಯಸ್ಸಾಯಿತು, ತಲೆ ಹೋಯಿತು ಎಂದುಕೊಂಡಿರಬೇಕು. ಹಾಗೇ ಅಂದುಕೊಳ್ಳಲಿ. ಅವರು ಹೋದ ಮೇಲೆ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಕಾಫಿ ಆರಿ ತಣ್ಣಗಾಯಿತು, ಅದನ್ನು ಗಿಡಕ್ಕೆ ಚೆಲ್ಲಿದೆ.

ಮರೆತಿಲ್ಲ ಸ್ವಾಮಿ. ಮರೆಯುವ ಭಾಗ್ಯ ನನಗಿಲ್ಲ. ಕೋಣೆಯೊಂದಕ್ಕೆ ಎಷ್ಟು ಶಾಖ ಬೇಕು ಎಂಬ ಲೆಕ್ಕವನ್ನು ನಾನು ಒಮ್ಮೆ ಮಾಡಿದ್ದೇನೆ, ಬಹಳ ಚೆನ್ನಾಗಿ ಮಾಡಿದ್ದೇನೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇದನ್ನು ಕೇಳಿದರೆ ನಿಮಗೇನೂ ಲಾಭವಿಲ್ಲ, ಹೇಳಿದರೆ ನನಗೂ ಹಗುರವಾಗುವುದಿಲ್ಲ. ಆ ಆಸೆ ಬಿಟ್ಟು ಎಷ್ಟೋ ಕಾಲವಾಯಿತು.

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಹುಟ್ಟಿದಾಗಿನಿಂದ ಲೆಕ್ಕದ ಚಟ. ಕವಲೇದುರ್ಗದ ಬುಡದ ನಮ್ಮೂರಿನಲ್ಲಿ ಅಂಗಾತ ಮಲಗಿ ಮನೆಯ ಹೆಂಚು ಎಣಿಸುತ್ತಿದ್ದೆ. ಒಂದು ಬಟ್ಟೆ ಸೋಪು ಎಷ್ಟು ಅಂಗಿಗೆ ಬರುತ್ತದೆ, ಬಚ್ಚಲ ಹಂಡೆಯಲ್ಲಿ ಎಷ್ಟು ತಂಬಿಗೆ ನೀರು ಹಿಡಿಯುತ್ತದೆ, ಎಲ್ಲವೂ ನನಗೆ ಬೇಕು. ಚಳಿಗಾಲದ ಬೆಳಿಗ್ಗೆ ನಾವು ಮಕ್ಕಳೆಲ್ಲ ಬಚ್ಚಲ ಒಲೆಯ ಮುಂದೆ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಮೊದಲು ಅಂಗೈ, ಆಮೇಲೆ ಮೊಣಕಾಲು, ಕೊನೆಗೆ ತಿರುಗಿ ಬೆನ್ನು. ಒಲೆಯಿಂದ ಎಷ್ಟು ಗೇಣು ದೂರ ಕೂತರೆ ಎಷ್ಟು ಬಿಸಿ ತಾಗುತ್ತದೆ ಎಂದು ನಾನು ಗೇಣು ಹಾಕಿ ನೋಡುತ್ತಿದ್ದೆ. ಹಾಗೆ ನೋಡುತ್ತ ಒಂದು ದಿನ ಚಡ್ಡಿಯ ಹಿಂಭಾಗಕ್ಕೆ ಕಿಡಿ ತಾಗಿ ಅಂಗೈಯಗಲ ತೂತು ಬಿತ್ತು. ಅಪ್ಪಯ್ಯ, "ಇವ್ನು ಲೆಕ್ಕ ಹಾಕ್ತಾ ಕೂತ್ರೆ ಕುಂಡೆ ಸುಟ್ಟಿದ್ದೂ ಗೊತ್ತಾಗಲ್ಲ" ಎಂದು ನಕ್ಕಿದ್ದ. ಶಾಲೆಯಲ್ಲಿ ಮಾತ್ರ ಈ ಚಟಕ್ಕೆ ಬುದ್ಧಿವಂತಿಕೆ ಎಂಬ ಹೆಸರು ಸಿಕ್ಕಿತು. ಅಲ್ಲಿಗೆ ನನ್ನನ್ನು ಹಿಡಿಯುವವರು ಯಾರೂ ಉಳಿಯಲಿಲ್ಲ.

ನನ್ನ ಲೆಕ್ಕವನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ತಂಗಿ ಸರೋಜ. ನನಗಿಂತ ಎಂಟು ವರ್ಷ ಚಿಕ್ಕವಳು. ಹಬ್ಬಕ್ಕೆ ಇನ್ನೆಷ್ಟು ದಿನ, ಕೋಣಂದೂರಿನ ಸಂತೆಗೆ ನಡೆದರೆ ಎಷ್ಟು ಹೆಜ್ಜೆ, ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದಳು. ಹೆಜ್ಜೆಯ ಲೆಕ್ಕ ನಾನು ಬಾಯಿಗೆ ಬಂದಂತೆ ಹೇಳಿದ್ದು. ಅವಳು ದಾರಿಯುದ್ದಕ್ಕೂ ಎಣಿಸಿ, ಕೊನೆಗೆ ಹೊಂದದಿದ್ದಾಗ, "ನಾನೇ ಎಲ್ಲೋ ತಪ್ಪಿ ಎಣ್ಸಿದೆ ಅಣ್ಣಯ್ಯ" ಎಂದಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿತು. ಅಪ್ಪಯ್ಯ ಅಷ್ಟರಲ್ಲಿ ತೀರಿಕೊಂಡಿದ್ದ. ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆಮನೆ ಹಿಡಿದು ಅವ್ವನನ್ನು ಕರೆತಂದೆ. ನನಗಿನ್ನೂ ಮದುವೆಯಾಗಿರಲಿಲ್ಲ. ಸರೋಜಳನ್ನು ಸಾಗರಕ್ಕೆ ಕೊಟ್ಟಿದ್ದೆವು. ಅವಳ ಗಂಡ ನಾಗರಾಜ ಬಾವ ಶರಾವತಿ ಕಟ್ಟೆಯ ಕೆಲಸದಲ್ಲಿ ಒಬ್ಬ ಕಂಟ್ರಾಕ್ಟರರ ಹತ್ತಿರ ಗುಮಾಸ್ತ. ಒಳ್ಳೆಯ ಮನುಷ್ಯ. ನಾನು ಬಿ.ಎಸ್ಸಿ. ಓದಿದವನೆಂದು ನನ್ನೆದುರು ಬೀಡಿ ಸೇದುತ್ತಿರಲಿಲ್ಲ.

ಸರೋಜ ಚೊಚ್ಚಲ ಬಸುರಿಯಾಗಿ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ದಿನ ತುಂಬುವುದು ಮಾಘದಲ್ಲಿ ಎಂದು ಅವ್ವ ಲೆಕ್ಕ ಹಾಕಿದ್ದಳು. ಪುಷ್ಯದ ಕಡುಚಳಿಯಲ್ಲೇ, ಒಂದು ತಿಂಗಳು ಮೊದಲೇ, ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ದ್ಯಾವಮ್ಮ ಅದನ್ನು ಎರಡು ಅಂಗೈಯಲ್ಲಿ ಎತ್ತಿ ತೋರಿಸಿದಾಗ ನನಗೆ ನೋಡಲು ಹೆದರಿಕೆಯಾಯಿತು. ಬೆರಳುಗಳು ಬೆಂಕಿಕಡ್ಡಿಯಷ್ಟು ಸಣ್ಣ. ಅಳುವೂ ಪೂರ್ತಿ ಬರುತ್ತಿರಲಿಲ್ಲ. ಡಾಕ್ಟರು ಮನೆಗೆ ಬಂದು ನೋಡಿ, "ಹಾಲು ಕುಡೀತಾ ಇದೆ, ಪರವಾಗಿಲ್ಲ. ದೊಡ್ಡ ಊರಲ್ಲಿ ಇಂಥ ಮಕ್ಕಳನ್ನ ಬಿಸಿ ಪೆಟ್ಟಿಗೇಲಿ ಇಡ್ತಾರೆ. ಇಲ್ಲಿ ನೀವೇ ಹೇಗಾದರೂ ಬೆಚ್ಚಗಿಡಿ. ಒಂದೆರಡು ತಿಂಗಳು ಕಾಪಾಡಿದ್ರೆ ಆಮೇಲೆ ಭಯವಿಲ್ಲ" ಎಂದರು.

ಬೆಚ್ಚಗಿಡುವುದು ಅವ್ವನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬಾಣಂತಿ ಕೋಣೆಯ ಮೂಲೆಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಒಲೆಯ ಕೆಂಡ ತಂದು ತುಂಬಿ, ಮೇಲೆ ಚೂರು ಲೋಬಾನ ಉದುರಿಸುತ್ತಿದ್ದಳು. ಬಿಸಿ ಸಾಕೋ ಬೇಕೋ ಎಂಬುದನ್ನು ಮಗುವಿನ ಹಾಸಿಗೆಯ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುವಳು. "ಸಾಕು" ಎನ್ನುವಳು, ಇಲ್ಲವೇ ಇನ್ನೆರಡು ಕೆಂಡ ಹಾಕುವಳು. ಇದಕ್ಕೆ ಹಿಂದೆ ಮುಂದೆ ಅಂಕಿಯಿಲ್ಲ. ಹೊಗೆಗೆ ಮಗು ಒಂದೆರಡು ಸಲ ಕೆಮ್ಮಿತು. ಅಷ್ಟು ಸಾಕಾಯಿತು ನನಗೆ. ಇದೆಂಥ ಕಾಡುಜನರ ಪದ್ಧತಿ, ಜೋಗದಲ್ಲಿ ಕರೆಂಟು ಹುಟ್ಟುತ್ತಿರುವಾಗ ಪಕ್ಕದ ತಾಲ್ಲೂಕಿನಲ್ಲಿ ನಾವು ಕೆಂಡ ಹೊತ್ತು ತಿರುಗುವುದೆ ಎಂದು ಬಾವನಿಗೆ ಕಾಗದ ಬರೆದೆ. ಅವನಿಂದ ಕೂಡಲೇ ಕಾರ್ಡು ಬಂತು. ಇಂಜಿನಿಯರೊಬ್ಬರ ಬಂಗಲೆಯಲ್ಲಿ ಕೋಣೆ ಕಾಯಿಸುವ ಹೀಟರುಗಳು ಉಪಯೋಗವಿಲ್ಲದೆ ಬಿದ್ದಿವೆ, ಕೇಳಿದರೆ ಒಂದನ್ನು ಕೊಡುತ್ತಾರೆ, ಸಣ್ಣದು ದೊಡ್ಡದು ಬೇರೆ ಬೇರೆ ಇವೆ, ನಮ್ಮ ಕೋಣೆಗೆ ಯಾವುದು ಸರಿಯೆಂದು ತಾವೇ ಲೆಕ್ಕ ಹಾಕಿ ತಿಳಿಸಬೇಕು, ಎಂದು ಬರೆದಿದ್ದ.

ನನಗೆ ಆ ದಿನ ಆದ ಸಂತೋಷವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಗು ಬದುಕುತ್ತದೋ ಇಲ್ಲವೋ ಎಂಬ ಭಯವಿದ್ದ ಮನೆಯಲ್ಲಿ ನಾನು ಸಿಳ್ಳೆ ಹಾಕುತ್ತ ಗೋಡೆ ಅಳೆದೆ. ಉದ್ದ ಹತ್ತಡಿ, ಅಗಲ ಎಂಟಡಿ, ಗೋಡೆಯ ಎತ್ತರ ಒಂಬತ್ತಡಿ. ಒಟ್ಟು ಏಳುನೂರ ಇಪ್ಪತ್ತು ಘನ ಅಡಿ. ಅಷ್ಟು ಗಾಳಿಯ ತೂಕ ಐವತ್ತನಾಲ್ಕು ಪೌಂಡು. ಶಾಲೆಯ ಲ್ಯಾಬಿನಿಂದ ತಂದ ಥರ್ಮಾಮೀಟರು ಬೆಳಿಗ್ಗೆ ಐವತ್ತೇಳು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅದನ್ನು ಎಂಬತ್ತೆರಡಕ್ಕೆ ಏರಿಸಬೇಕು. ಒಂದು ಕಿಲೋವ್ಯಾಟಿನ ಹೀಟರಿಗೆ ಈ ಕೆಲಸ ಬರೀ ಆರು ನಿಮಿಷದ್ದು ಎಂದು ಉತ್ತರ ಬಂತು. ನಾನು ಕಾಗದದ ಕೆಳಗೆ ಎರಡು ಗೆರೆ ಎಳೆದೆ. ಸರೋಜ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಲ್ಲಿಂದಲೇ, "ಆತನಾ ಅಣ್ಣಯ್ಯ ಲೆಕ್ಕ?" ಎಂದಳು.

"ಆತು. ಒಂದು ಕಿಲೋವ್ಯಾಟು."

"ಹಂಗಾರೆ ಇನ್ನು ನಮ್ ಕೂಸಿಗೆ ಹೆದ್ರಿಕೆ ಇಲ್ಲ ಅಲ್ಲನಾ?"

"ಎಂಥದೂ ಹೆದ್ರಿಕೆ ಇಲ್ಲ" ಎಂದೆ.

ಬಾವ ವಾರದೊಳಗೆ ಹೀಟರನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಬೆನ್ನಿಗೆ ಹೊಳೆಯುವ ತಗಡಿನ ತಟ್ಟೆ, ಮಧ್ಯೆ ಸುರುಳಿ ತಂತಿ. ಓಣಿಯವರೆಲ್ಲ ಬಂದು ನೋಡಿದರು. ಸ್ವಿಚ್ಚು ಒತ್ತಿದೆ. ತಂತಿ ಕೆಂಪಾಯಿತು. ಆರು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಎರಡು ಗಂಟೆಯಾಯಿತು. ಥರ್ಮಾಮೀಟರು ಐವತ್ತೇಳರಿಂದ ಅರವತ್ತಕ್ಕೆ ಬಂದು ಅಲ್ಲೇ ಕೂತಿತು. ನಾನು ಅದನ್ನು ಕೊಡವಿದೆ, ತಿರುಗಿಸಿದೆ, ಬೆರಳಿನಿಂದ ತಟ್ಟಿದೆ.

"ಚಳಿ ಕಾಯ್ಸಾಕೆ ಕೆಂಪು ಬಣ್ಣ ತಂದೀರನ?" ಎಂದು ಅವ್ವ ಅಗ್ಗಿಷ್ಟಿಕೆಯನ್ನು ಮತ್ತೆ ಒಳಗಿಟ್ಟು ಲೋಬಾನ ಹಾಕಿದಳು. ಹೊಗೆ ಎದ್ದು ಗೋಡೆಯುದ್ದಕ್ಕೂ ಮೇಲೇರಿ, ಗೋಡೆ ಮುಗಿದಲ್ಲಿ ಬಾಗಿ, ಆಚೆ ಅಡಿಗೆಮನೆಯ ಕಡೆಗೆ ಇಳಿದುಹೋಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ನಮ್ಮ ಕಡೆಯ ಹೆಂಚಿನ ಮನೆಗಳನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಒಳಗೋಡೆಗಳು ಮೇಲಿನ ಹೆಂಚಿನ ಮಾಡಿನವರೆಗೆ ಹೋಗುವುದಿಲ್ಲ. ಒಂಬತ್ತಡಿಗೆ ನಿಂತುಬಿಡುತ್ತವೆ. ಅದರ ಮೇಲೆ ಮಾಡಿನವರೆಗೆ ಬಯಲು. ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಯಲ್ಲಿ ನೀರು ಬೇಕಾ ಎಂದು ಕೇಳುತ್ತಾರೆ. ನಾನು ಇಂಥ ಮನೆಯಲ್ಲೇ ಹುಟ್ಟಿ, ಇಂಥ ಮಾಡಿನ ಹೆಂಚನ್ನೇ ಎಣಿಸಿ ದೊಡ್ಡವನಾದವನು. ಹುಟ್ಟಿದಾಗಿನಿಂದ ಇದ್ದದ್ದರಿಂದಲೇ ಆ ಬಯಲು ನನ್ನ ಲೆಕ್ಕದಲ್ಲಿ ಬರಲಿಲ್ಲ. ನಾನು ಅಳೆದದ್ದು ಕೋಣೆಯನ್ನಲ್ಲ, ಮೇಲೆ ಮುಚ್ಚಳವಿಲ್ಲದ ಪೆಟ್ಟಿಗೆಯನ್ನು. ಇಡೀ ಮನೆಯನ್ನೂ ಹೆಂಚಿನ ಸಂದಿಯಿಂದ ಹೊಸನಗರದ ಆಕಾಶವನ್ನೂ ಒಂದು ಕಿಲೋವ್ಯಾಟಿನಲ್ಲಿ ಕಾಯಿಸಲು ಹೊರಟಿದ್ದೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಹೀಟರನ್ನು ವಾಪಸು ಕಳಿಸುತ್ತಿದ್ದರು. ನನಗೆ ಅವಮಾನವಾಯಿತು. ಲೆಕ್ಕ ತಪ್ಪಿಲ್ಲ, ಕೋಣೆ ತಪ್ಪಾಗಿದೆ, ಕೋಣೆಯನ್ನೇ ಲೆಕ್ಕಕ್ಕೆ ಸರಿಮಾಡಿದರಾಯಿತು ಎಂದು ನಿಶ್ಚಯಿಸಿದೆ. ಮರುದಿನ ಭಾನುವಾರ. ಬಾವ, ನಾನು ಇಬ್ಬರೂ ಏಣಿ ಹಾಕಿ ಹತ್ತಿ, ಗೋಡೆಯ ನೆತ್ತಿಯಿಂದ ನೆತ್ತಿಗೆ ಬಿದಿರಿನ ಗಳ ಹಾಯಿಸಿ, ಚಾಪೆ ಹೊದಿಸಿ, ಅದರ ಮೇಲೆ ಗೋಣಿ ಹಾಸಿ ಮೊಳೆ ಹೊಡೆದೆವು. ಅಂಚಿನ ಸಂದಿಗಳಿಗೆಲ್ಲ ಗಂಜಿ ಕಾಯಿಸಿ ಪೇಪರು ಅಂಟಿಸಿದೆವು. ಕಿಟಕಿಯ ಹಲಗೆಯ ಬಿರುಕಿಗೆ ಹಳೆಬಟ್ಟೆ ತುರುಕಿದೆವು. ಬಾಗಿಲಿಗೆ ಒಳಗಿನಿಂದ ಕಂಬಳಿ.

ಅವ್ವ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. "ಆ ಕಂಡಿ ಹೊಗೆ ಹೋಗಾಕೆ ಇರಾದು ಕಣಾ. ಅದ್ನ ಯಾಕೆ ಮುಚ್ತೀಯ?"

"ಕರೆಂಟಿಗೆ ಹೊಗೆ ಎಲ್ಲಿರ್ತದೆ ಅವ್ವಾ?"

"ಕರೆಂಟು ಹೋದ್ರೆ?"

"ಹೋದಾಗ ನೋಡಣ ಬಿಡು."

ಆ ಸಂಜೆಯೇ ಥರ್ಮಾಮೀಟರು ಎಂಬತ್ತೆರಡು ಮುಟ್ಟಿತು. ಆರು ನಿಮಿಷವಲ್ಲ, ಒಂದು ಗಂಟೆ ಹಿಡಿಯಿತು. ಗೋಡೆಯೂ ಕಾಯಬೇಕಲ್ಲ, ಆ ತಪ್ಪನ್ನು ನಾನು ಮಾಫಿ ಮಾಡಿಕೊಂಡೆ. ಮುಂದಿನ ಹತ್ತು ದಿನ ನನ್ನ ಜೀವನದ ಅತ್ಯಂತ ಸುಖದ ದಿನಗಳು. ಇದನ್ನು ಮುಚ್ಚಿಡುವುದಿಲ್ಲ. ಮಗು ಚೆನ್ನಾಗಿ ಹಾಲು ಕುಡಿಯತೊಡಗಿತು. ಅಳು ಓಣಿಗೆ ಕೇಳುವಷ್ಟಾಯಿತು. ಹೆಡ್ಮಾಸ್ಟರು ಬಂದು ನೋಡಿ, ವಿಜ್ಞಾನವೆಂದರೆ ಹೀಗೆ ಮನೆಯೊಳಗೆ ಬರಬೇಕು ಎಂದು ಬೆನ್ನು ತಟ್ಟಿದರು. ದ್ಯಾವಮ್ಮ ಕೂಡ ಮಗುವಿಗೆ ಎಣ್ಣೆ ಹಚ್ಚುತ್ತ, "ಒಳಗೆ ಬಂದ್ರೆ ಹೊರಗೆ ಹೋಗಾಕೇ ಮನ್ಸಾಗಲ್ಲ ಮೇಷ್ಟ್ರೇ" ಎಂದಳು. ಬಾವ ನಿಶ್ಚಿಂತೆಯಿಂದ ಸಾಗರಕ್ಕೆ ಹೋದ.

ಹನ್ನೊಂದನೆಯ ದಿನ ಬೆಳಿಗ್ಗೆ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಕೊಂಬೆ ಮುರಿದು ಬಿದ್ದಿತ್ತಂತೆ. ಮಂಜು ಕವಿದ ಬೆಳಿಗ್ಗೆ. ಥರ್ಮಾಮೀಟರು ಎಂಬತ್ತರಿಂದ ಎಪ್ಪತ್ತೈದಕ್ಕೆ, ಎಪ್ಪತ್ತಕ್ಕೆ ಇಳಿಯುವುದನ್ನು ನಾನು ಎದುರಿಗೆ ಕೂತು ನೋಡಿದೆ. ಅವ್ವ ಅಗ್ಗಿಷ್ಟಿಕೆ ಒರೆಸಿ ತಂದಳು. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ. ಅಳತೆಯಿಲ್ಲದೆ ಕೆಂಡ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಪೌಂಡು ಇದ್ದಿಲಿನಲ್ಲಿ ಎಷ್ಟು ಶಾಖವಿದೆ ಎಂಬುದು ನನಗೆ ಗೊತ್ತಿತ್ತು. ಒಂದು ಕಿಲೋವ್ಯಾಟಿಗೆ ಸಮನಾಗಬೇಕಾದರೆ ಗಂಟೆಗೆ ಸುಮಾರು ಐದು ಔನ್ಸು. ನಾಲ್ಕು ಗಂಟೆಗೆ ಇಪ್ಪತ್ತು ಔನ್ಸು. ತಕ್ಕಡಿಯಲ್ಲಿ ತೂಗಿ, ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಕೋಣೆಯಲ್ಲಿಟ್ಟೆ. ಲೋಬಾನ ಹಾಕಲು ಬಿಡಲಿಲ್ಲ.

"ಮೇಲೆ ಒಂಚೂರು ಚಾಪೆ ಬಿಚ್ಚನಾ?" ಎಂದಳು ಅವ್ವ.

"ಬ್ಯಾಡ, ಶಾಖ ಎಲ್ಲ ಹೋಗ್ತದೆ. ಹೊಗೆ ಇಲ್ವಲ್ಲ, ನೋಡು."

"ಬಾಗ್ಲಾದ್ರೂ..."

"ಬಾಗ್ಲೂ ತೆಗೀಬ್ಯಾಡ ಅವ್ವಾ. ಸರೋಜ ಮಲಗ್ಲಿ. ನಾ ಬರಾವರೆಗೂ ಒಳಗೆ ಹೊರಗೆ ತಿರುಗ್ಬ್ಯಾಡ."

ಅವ್ವ ಬಾಣಂತಿಯ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋದಳು. ನಾನು ಶಾಲೆಗೆ ಹೋದೆ.

ಮೂರನೆಯ ಪೀರಿಯಡ್ಡಿನಲ್ಲಿ ಪಕ್ಕದ ಮನೆಯವರು ಓಡಿಬಂದು ಕರೆದರು. ನಾನು ಬರುವಷ್ಟರಲ್ಲಿ ಅವ್ವ, ದ್ಯಾವಮ್ಮ ಇಬ್ಬರೂ ಸೇರಿ ಸರೋಜಳನ್ನು ಎಳೆದು ಅಂಗಳದ ಬಿಸಿಲಿಗೆ ಹಾಕಿದ್ದರು. ಅವಳು ವಾಂತಿ ಮಾಡಿಕೊಂಡಿದ್ದಳು. ತಲೆ ಒಡೆಯುತ್ತದೆ, ತಲೆ ಒಡೆಯುತ್ತದೆ ಎನ್ನುತ್ತಿದ್ದಳು. ಮಗು ಅವ್ವನ ಮಡಿಲಲ್ಲಿತ್ತು. ಹುಟ್ಟಿದ ಮೇಲೆ ಒಂದು ದಿನವೂ ಅದಕ್ಕೆ ಅಷ್ಟು ಒಳ್ಳೆಯ ಬಣ್ಣ ಬಂದಿರಲಿಲ್ಲ. ಕೆನ್ನೆ ಕೆಂಪಗಿತ್ತು. ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ನಾನು ಒಳಗೆ ಹೋದೆ. ಯಾಕೆ ಹೋದೆನೋ. ಥರ್ಮಾಮೀಟರು ಎಂಬತ್ತೆರಡರಲ್ಲಿ ನಿಂತಿತ್ತು.

ಅದನ್ನು ನೋಡಿದ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ನಿಧಾನವಾಗಿ ತಿಳಿಯಿತು ಎಂದು ಸುಳ್ಳು ಹೇಳುವ ಆಸೆ ನನಗೆ ಈಗಲೂ ಇದೆ. ಗಾಳಿ ಸಾಲದೆ ಇದ್ದಿಲು ಉರಿದರೆ ಬರುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ರಕ್ತವನ್ನು ಕೆಂಪಾಗಿಸಿ ಕೊಲ್ಲುತ್ತದೆ ಎಂಬ ವಾಕ್ಯವನ್ನು ನಾನು ಪ್ರತಿವರ್ಷ ಹತ್ತನೆಯ ತರಗತಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆ ವಾಕ್ಯ ಪುಸ್ತಕದಲ್ಲಿತ್ತು, ಬಾಯಲ್ಲಿತ್ತು. ತಕ್ಕಡಿಯಲ್ಲಿ ಇದ್ದಿಲು ತೂಗುವಾಗ ಮಾತ್ರ ಎಲ್ಲಿ ಹೋಗಿತ್ತೋ! ಓದು ಬರಹ ಬಾರದ ಅವ್ವ ಎರಡು ಸಲ ಕೇಳಿದಳು. ಎರಡು ಸಲವೂ ನಾನು ಬೇಡ ಎಂದೆ.

ಮುಂದೆ ನಡೆದದ್ದು ಇನ್ನೂ ಕೆಟ್ಟದ್ದು. ಯಾರೂ ನನ್ನನ್ನು ಕೇಳಲಿಲ್ಲ. ದ್ಯಾವಮ್ಮ, "ಎಂಟೇ ತಿಂಗಳಿಗೆ ಹುಟ್ಟಿದ ಕೂಸು, ಇಷ್ಟು ದಿನ ಇದ್ದದ್ದೇ ಹೆಚ್ಚು" ಎಂದಳು. ಕರೆಂಟು ಹೋಗಿದ್ದಕ್ಕೆ ಚಳಿ ಹೊಡೆಯಿತು ಎಂದು ಓಣಿಯವರು ತೀರ್ಮಾನಿಸಿದರು. ನಾನು ಇಲ್ಲ ಎನ್ನಲಿಲ್ಲ. ಸಾಗರದಿಂದ ಬಂದ ಸರೋಜಳ ಅತ್ತೆ ಮಾತ್ರ ಚಳಿಯನ್ನು ಒಪ್ಪಲಿಲ್ಲ. ಹೀಟರು ತರಿಸಿದ್ದರಲ್ಲ, ಚಳಿ ಎಲ್ಲಿಂದ ಬರಬೇಕು ಎಂದರು. ತಾಯಿಗೂ ವಾಂತಿಯಾಯಿತೆಂದು ಕೇಳಿದ ಮೇಲೆ ಅವರಿಗೆ ಕಾರಣ ಸಿಕ್ಕಿತು. "ಇವ್ಳ ಹಾಲಲ್ಲೇ ನಂಜು. ಬಾಯಿಗೆ ಪಥ್ಯ ಇರ್ಲಿಲ್ಲ, ಎಂತದೋ ತಿಂದಿದಾಳೆ. ಕೂಸಿಗೆ ಕುಡ್ಸಿದಾಳೆ."

ಈ ಮಾತು ನನ್ನೆದುರಿಗೇ ಆಯಿತು. ಸರೋಜ ಗೋಡೆಗೆ ಒರಗಿ ಕೂತಿದ್ದಳು. ಹಾಲು ತುಂಬಿ ರವಿಕೆ ಒದ್ದೆಯಾಗಿತ್ತು. "ನಾನು ಎಂತನೂ ತಿನ್ಲಿಲ್ಲ ಅತ್ತೆ" ಎಂದಳು. ಆಮೇಲೆ ತಾನೇ ಅನುಮಾನಪಟ್ಟು, "ಹಿಂದಿನ ದಿನ ಒಂದು ಬಾಳೆಹಣ್ಣು ತಿಂದಿದ್ದೆ" ಎಂದಳು. ಆಗ ನಾನು ಬಾಯಿ ಬಿಡಬೇಕಾಗಿತ್ತು. ಅತ್ತೆಯವರಿಗೆ ಕಾಫಿ ತರುತ್ತೇನೆಂದು ಎದ್ದು ಅಡಿಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ಅವಳು ಆ ಎರಡು ಮಾತನ್ನು, ಚಾಪೆ ಬಿಚ್ಚನಾ, ಬಾಗ್ಲಾದ್ರೂ ಎಂದು ಕೇಳಿದ್ದನ್ನು, ಸಾಯುವವರೆಗೂ ಎತ್ತಲಿಲ್ಲ. ಎತ್ತಿ ನನಗೆ ನಾಲ್ಕು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಅನಿಲದ ಪಾಠವನ್ನು ನಾನು ಮತ್ತೆ ಮಾಡಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಪುಟ ತಿರುಗಿಸಿಬಿಡುತ್ತಿದ್ದೆ. ಒಂದು ವರ್ಷ ಐದು ಅಂಕಕ್ಕೆ ಬಂದೇಬಿಟ್ಟಿತು. ಹುಡುಗರು ನನ್ನನ್ನು ಶಪಿಸಿದರೆಂದು ಕೇಳಿದೆ. ಅದು ಸರಿಯಾದ ಶಾಪವೇ, ಕಾರಣ ಮಾತ್ರ ಬೇರೆ.

ಎರಡು ವರ್ಷ ಕಳೆದು ಸರೋಜ ಮತ್ತೆ ಬಸುರಿಯಾದಳು. ತವರಿನಲ್ಲಿ ಮಗು ದಕ್ಕಲಿಲ್ಲವೆಂದು ಈ ಸಲ ಸಾಗರದಲ್ಲೇ ಹೆರಿಗೆ ಎಂದು ಅತ್ತೆ ಹೇಳಿದರಂತೆ. ಆ ಎರಡು ವರ್ಷ ಅವಳು ಆ ಮನೆಯಲ್ಲಿ ಏನೇನು ಕೇಳಿದಳೋ ನನಗೆ ಬರೆಯುತ್ತಿರಲಿಲ್ಲ. ಕಾರ್ತಿಕ ಕಳೆದ ಮೇಲೆ ಅವಳ ಕಾಗದ ಬಂತು. ಅವಳ ಅಕ್ಷರ ನಾನೇ ತಿದ್ದಿಸಿದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅಣ್ಣಯ್ಯನಿಗೆ ಸರೋಜಳ ನಮಸ್ಕಾರಗಳು. ಈ ಸಲವೂ ಚಳಿಯಲ್ಲೇ ದಿನ ತುಂಬುತ್ತದೆ. ಹೋದ ಸಲ ಕರೆಂಟು ಹೋಗಿ ಚಳಿಗೆ ನಮ್ಮ ಕೂಸು ಹೋಯಿತು. ಹಾಲಿನಿಂದ ಅಂತ ಅತ್ತೆ ಹೇಳುತ್ತಾರೆ. ನನಗೆ ಗೊತ್ತಿಲ್ಲ. ಈ ಸಲ ಕೋಣೆ ಇನ್ನೂ ಬೆಚ್ಚಗಿರಬೇಕು. ದೊಡ್ಡ ಹೀಟರು ಎಷ್ಟರದು ಬೇಕು, ಕರೆಂಟು ಹೋದರೆ ಇದ್ದಿಲು ಎಷ್ಟು ಬೇಕು, ನೀನೇ ಲೆಕ್ಕ ಹಾಕಿ ಬರಿ. ನಿಮ್ಮ ಬಾವ ಮೇಲೆಲ್ಲ ಚಾಪೆ ಹೊಡೆದು ಆಗಿದೆ. ನೀನು ಮಾಡಿದ ಹಾಗೇ ಸಂದಿಯಿಲ್ಲದ ಹಾಗೆ ಮಾಡಿದ್ದಾರೆ."

ಕಾಗದ ಓದಿ ಮುಗಿಸಿದವನು ಶಾಲೆಗೆ ರಜೆಯನ್ನೂ ಹೇಳದೆ ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿದೆ. ಪ್ರತಿಸಲವೂ ಅದು ನನ್ನನ್ನು ಉಳಿಸಿಕೊಳ್ಳುವ ಮಾತಾಗುತ್ತಿತ್ತು. ಹೊಸ ಪುಸ್ತಕವೊಂದರಲ್ಲಿ ಓದಿದೆ ಎಂದು ಹೇಳಲೆ? ಡಾಕ್ಟರು ಹೇಳಿದರು ಎನ್ನಲೆ?

ಸಾಗರದ ಮನೆಯಲ್ಲಿ ಅತ್ತೆ ಯಾರದೋ ಮನೆಗೆ ಹೋಗಿದ್ದರು. ಬಾವ ಕೆಲಸಕ್ಕೆ ಹೋಗಿದ್ದ. ತುಂಬಿದ ಹೊಟ್ಟೆಯ ಸರೋಜ ನನ್ನನ್ನು ನೋಡಿ ಮುಖವರಳಿಸಿ, "ಲೆಕ್ಕ ಹಾಕ್ಕಂಡು ನೀನೇ ಬಂದ್ಯಾ ಅಣ್ಣಯ್ಯ!" ಎಂದು ನೇರ ಆ ಕೋಣೆಗೇ ಕರೆದುಕೊಂಡು ಹೋದಳು. ನೋಡಿದೆ. ಬಾವ ನನಗಿಂತ ಒಳ್ಳೆಯ ಕೆಲಸಗಾರ. ಒಂದು ನೂಲಿನಷ್ಟೂ ಸಂದಿಯಿರಲಿಲ್ಲ. ಮೂಲೆಯಲ್ಲಿ ಅಗ್ಗಿಷ್ಟಿಕೆ, ಪಕ್ಕದಲ್ಲಿ ಒಂದು ಮೂಟೆ ಇದ್ದಿಲು.

ನಾನು ಹೊರಗಿದ್ದ ಏಣಿ ತಂದೆ. ಹತ್ತಿದೆ. ಪೇಪರು ಹರಿದೆ, ಗೋಣಿ ಕಿತ್ತೆ, ಚಾಪೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದೆ. ಮೊಳೆ ತಾಗಿ ಅಂಗೈ ಸೀಳಿತು. ಧೂಳು ಕಣ್ಣಿಗೆ ಬಿತ್ತು. ಕೊನೆಯ ಚಾಪೆ ಬಿದ್ದು ಮೇಲೆ ಹೆಂಚು ಕಾಣುವವರೆಗೂ ನಿಲ್ಲಿಸಲಿಲ್ಲ.

"ಎಂತ ಮಾಡ್ತಿದೀಯ? ಅಣ್ಣಯ್ಯ, ಎಂತ ಆತು ನಿಂಗೆ? ಚಳಿ ಬರ್ತದಲ್ಲ!" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು.

"ಬರ್ಲಿ" ಎಂದೆ. "ಚಳಿ ಬಂದ್ರೆ ಬರ್ಲಿ. ಕೆಂಡ ಇಟ್ಟಾಗ ಇದ್ನ ಮಾತ್ರ ಮುಚ್ಬ್ಯಾಡ. ಬಾಗ್ಲೂ ತೆಗ್ದಿರ್ಲಿ. ನನ್ನಾಣೆಗೂ ಮುಚ್ಬ್ಯಾಡ ಸರೋಜ."

ಅವಳು ಕೂಗುವುದನ್ನು ನಿಲ್ಲಿಸಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಕೆಳಗೆ ಬಿದ್ದಿದ್ದ ಚಾಪೆಗಳನ್ನು ನೋಡಿದಳು, ಇದ್ದಿಲ ಮೂಟೆಯನ್ನು ನೋಡಿದಳು, ಏಣಿಯ ಮೇಲಿದ್ದ ನನ್ನನ್ನು ನೋಡಿದಳು. ಅವಳೇನು ದಡ್ಡಿಯಲ್ಲ. ನನ್ನನ್ನು ನಂಬಿದ್ದಳು ಅಷ್ಟೇ.

"ಹಂಗಾರೆ ಚಳಿಗೆ ಅಲ್ಲನಾ, ಅಣ್ಣಯ್ಯ?"

"ಅಲ್ಲ."

"ನನ್ ಹಾಲಿಗೂ ಅಲ್ಲ?"

"ಅಲ್ಲ ಸರೋಜ. ಕೆಂಡದ ಗಾಳಿ. ನಾನು ಮುಚ್ಚಿದ್ದಕ್ಕೆ."

"ಯಾವಾಗ ಗೊತ್ತಾತು ನಿಂಗೆ?"

ಆಗಲಾದರೂ ಸುಳ್ಳು ಹೇಳಲಿಲ್ಲ. "ಅವತ್ತೇ" ಎಂದೆ.

ಅವಳು ಅಳುತ್ತಾಳೆಂದು ಕಾದೆ. ಬೈಯುತ್ತಾಳೆಂದು ಕಾದೆ. ಅವಳು ಬಗ್ಗಲಾರದೆ ಬಗ್ಗಿ, ಚಾಪೆಗಳನ್ನು ಒಂದೊಂದಾಗಿ ಎತ್ತಿ, ಧೂಳು ಕೊಡವಿ, ಸುತ್ತಿ ಗೋಡೆಗೆ ಒರಗಿಸಿದಳು. ನಾನು ನೆರವಿಗೆ ಹೋದರೆ ಕೈಯಿಂದ ಚಾಪೆ ಕಿತ್ತುಕೊಂಡಳು. ಸಂಜೆ ಬಾವ, ಅತ್ತೆ ಇಬ್ಬರೂ ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಬಾವ ತಲೆ ತಗ್ಗಿಸಿ ಕೂತ. ಅತ್ತೆ ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡುತ್ತಿದ್ದರು. ಸರೋಜ ನನಗೆ ಊಟ ಬಡಿಸಿದಳು. ಅನ್ನ ಬೇಕಾ ಎಂದು ಕೇಳಿದಳು.

ಪುಷ್ಯದಲ್ಲಿ ಅವಳಿಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಗಟ್ಟಿಮಗು. ಬೇಸಿಗೆಯ ಹೊತ್ತಿಗೆ ಕಿವಿ ಚುಚ್ಚುವ ಶಾಸ್ತ್ರವಿಟ್ಟುಕೊಂಡು ಬಾವ ಕಾಗದ ಬರೆದ. ಅವ್ವ ಮೈ ಹುಷಾರಿಲ್ಲವೆಂದು ಬರಲಿಲ್ಲ. ನಾನೊಬ್ಬನೇ ಹೋದೆ. ಮಗುವಿಗೆ ಕೆಂಪು ರೇಷ್ಮೆಯ ಲಂಗದ ಬಟ್ಟೆ ತೆಗೆದುಕೊಂಡಿದ್ದೆ. ಮಗು ಮನೆಯವರೆಲ್ಲರ ಕಂಕುಳಲ್ಲಿ ತಿರುಗುತ್ತಿತ್ತು. ಬಂದವರೆಲ್ಲ ಎತ್ತಿ ಕೆನ್ನೆ ಹಿಂಡಿದರು. ನನ್ನ ಕಡೆ ಅದು ಬರಲಿಲ್ಲ. ನಾನೂ ಕೈ ಚಾಚಲಿಲ್ಲ, ನನಗೆ ಶಾಸ್ತ್ರದ ಹೊತ್ತು ಇತ್ತಲ್ಲ. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ. ಅದು ಬೇರೆ ಯಾರಿಗೂ ಇಲ್ಲದ ಹಕ್ಕು. ಆ ಮಗುವಿಗೆ ಸೋದರಮಾವ ನಾನೊಬ್ಬನೇ.

ಅಕ್ಕಸಾಲಿಗರು ಮಣೆ ಹಾಕಿಸಿ, ಚಿನ್ನದ ತಂತಿಯನ್ನು ಕೈಯಲ್ಲಿ ಹಿಡಿದು, "ಸೋದರಮಾವ ಯಾರು? ಬರ್ಬೇಕು" ಎಂದು ಕರೆದರು.

ನಾನು ಪಂಚೆ ಸರಿಮಾಡಿಕೊಂಡು ಎದ್ದೆ. ಸರೋಜ ಮಗುವನ್ನು ಎದೆಗೆ ಅವಚಿಕೊಂಡು ಬಂದವಳು ಮಣೆಯ ಮುಂದೆ ನಿಂತಳು. ಕೊಡಲು ಕೈ ಸ್ವಲ್ಪ ಮುಂದಕ್ಕೂ ಬಂತು, ನಾನು ನೋಡಿದೆ. ಆಮೇಲೆ ಆ ಕೈ ಹಿಂದಕ್ಕೆ ಹೋಯಿತು. ಅವಳೇ ಮಣೆಯ ಮೇಲೆ ಕೂತು ಮಗುವನ್ನು ತನ್ನ ತೊಡೆಗೆ ಹಾಕಿಕೊಂಡಳು.

"ಬ್ಯಾಡ ಅಣ್ಣಯ್ಯ," ಎಂದಳು ಮೆಲ್ಲಗೆ, ನನ್ನ ಕಡೆ ನೋಡದೆ. "ನೀ ಕೂತ್ಕ."

ನಾನು ಕೂತುಕೊಂಡೆ.